ಸ್ಮಶಾನಕ್ಕ ನಂಬರ್ ಹಚ್ಚಿದವನ ಕಥಿ

ಮೂವತ್ತೊಂದು ವರ್ಷ ನೌಕರಿ ಮಾಡೀನಿ. ಅದರಾಗ ಅರ್ಧ ಊರ ಸ್ಮಶಾನದ ಫೈಲ್ ಬಗಲಾಗ ಹಿಡಕೊಂಡು ಓಡ್ಯಾಡೋದ್ರಾಗ ಹೋತು. ಬಡ್ತಿ ಬಗ್ಗೆನೂ ಬರೀರಿ ಅಂತ ನಮ್ಮ ಮನಿಯಾಕಿ ಹೇಳಿದ್ಲು. ಬಂದದ್ದು ಒಂದೇ, ಒಂದು ಸಾಲಿನ್ಯಾಗ ಮುಗಿತೈತಿ: ಗ್ರಾಮ ಪಂಚಾಯ್ತಿ ಬಿಲ್ ಕಲೆಕ್ಟರ್ ಇದ್ದಾಂವ ಪಟ್ಟಣ ಪಂಚಾಯ್ತಿ ಕ್ಲರ್ಕ್ ಆದ್ನಿ. ಕುರ್ಚಿಗೆ ಕೈ ಬಂದ್ವು, ಅಷ್ಟ. ಈಗ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ-ಹುಡುಗ್ಯಾರು ಫೋನ್ ಮಾಡಿ ಅದು ಹೆಂಗ್ರಿ ಸರ್, ಇದು ಹೆಂಗ್ರಿ ಸರ್ ಅಂತ ಕೇಳತಾರ. ಅವರಿಗರ ಉಪಯೋಗ ಆಗ್ಲಿ ಅಂತ ನನ್ನ ಶಾಣ್ಯಾತನ ಬರ್ಯಾಕತ್ತೇನಿ. ಊರ ಹೆಸರು ಮಾತ್ರ ಕೇಳಬ್ಯಾಡ್ರಿ. ಟಿಕೋಟಾ, ಬಬಲೇಶ್ವರದ ಸುತ್ತ ಎಲ್ಲೋ ಐತಿ ಅಂತ ತಿಳಕೋರಿ. ಹೆಸರು ಹೇಳಿದ್ರ ಬಸ್ ಸ್ಟ್ಯಾಂಡಿನ್ಯಾಗ ನನ್ನ ಹಿಡಿದು ನಿಲ್ಲಿಸಿ ಬೈಯೋ ಮಂದಿ ಇನ್ನೂ ಅದಾರ.

ನಾ ಸೇರಿದಾಗ ಸ್ಮಶಾನಕ್ಕೂ ಪಂಚಾಯ್ತಿಗೂ ಏನೂ ಸಂಬಂಧ ಇದ್ದಿಲ್ಲ. ಊರ ಹೊರಗ ದ್ರಾಕ್ಷಿ ಪಡ ಮುಗಿದ ಮ್ಯಾಲ ಒಂದು ಬಯಲು, ನಾಕು ಬೇವಿನ ಗಿಡ, ಆಡು-ಕುರಿ ಮೇಯ್ತಿದ್ವು. ಅಲ್ಲಿ ಕುಣಿ ತೆಗಿಯಾಂವ ದುರ್ಗಪ್ಪ ಕಾಕಾ. ಅವನ ಅಪ್ಪ, ಅಜ್ಜನೂ ಅದೇ ಕೆಲಸ ಮಾಡಿದವರು. ಯಾರನ್ನ ಎಲ್ಲಿ ಇಟ್ಟಾರ ಅನ್ನೋದು ಪೂರ್ತಿ ಅವನ ತಲಿಯೊಳಗ ಇತ್ತು. ‘ನಮ್ಮ ಮುತ್ಯಾ ಎಲ್ಲಿ ಅದಾನ ಕಾಕಾ?’ ಅಂತ ಕೇಳಿದ್ರ, ಬೀಡಿ ಬಾಯಿಂದ ತೆಗಿದೇ ಹೋಗಿ ಕಾಲಿಲೆ ತೋರಸ್ತಿದ್ದ.

ಇನ್ನೊಂದು ಪದ್ಧತಿ ಇತ್ತು. ಗಂಡ ಹೋದ್ರ ಅವನ ಬಗಲಾಗ ಹೆಂಡತಿಗೆ ಅಂತ ಜಾಗಾ ಬಿಡ್ತಿದ್ರು. ಬಿಟ್ಟ ಜಾಗಾದ ಮ್ಯಾಲ ಏನರ ಒಂದು ಇಡೋದು. ಒಬ್ಬರು ಸುಣ್ಣ ಹಚ್ಚಿದ ಕಲ್ಲು, ಒಬ್ಬರು ಒಡದ ಒಳ್ಳುಕಲ್ಲು, ಒಬ್ಬರು ಮನಿ ಹೊಸ್ತಲದ ತುಂಡು. ಬಸ್ಸಿನ ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡಿತೇವಲ್ಲ, ಹಂಗ. ಬಸ್ಸಿನ್ಯಾಗರ ಟವೆಲ್ ಸರಿಸಿ ಕುಂದ್ರೋ ಮಂದಿ ಇರತಾರ. ಇಲ್ಲಿ ಯಾರೂ ಸರಸತಿದ್ದಿಲ್ಲ. ಹಂಗ ಸರಿಸಿದಾಂವ ನಾನೇ ಮೊದಲನೇದಾಂವ.

ಎಲ್ಲಾ ಶುರು ಆಗಿದ್ದು ಒಂದು ಕಾಗದದಿಂದ. ಊರ ಸ್ಮಶಾನ ವಶಕ್ಕ ತಗೊಂಡು ಚಂದ ಮಾಡಿ ಇಡ್ರಿ ಅಂತ ಮ್ಯಾಲಿಂದ ಬಂತು. ಪಹಣಿ ಉತಾರ ತಗಸಿ ನೋಡಿದ್ನಿ. ಜಮೀನು ಮೂರು ತಲಿ ಹಿಂದಿನ ಒಬ್ಬ ಪುಣ್ಯಾತ್ಮನ ಹೆಸರಿಲೆ ಇತ್ತು. ಅಂವಾ ಬಾಯಿಮಾತಿಲೆ ಊರಿಗೆ ಬಿಟ್ಟುಕೊಟ್ಟಿದ್ದ, ಕಾಗದ ಮಾಡಿದ್ದಿಲ್ಲ. ಮಾಲೀಕರಿಗೆ ನೋಟಿಸ್ ಕೊಡಬೇಕಂತ ನಿಯಮ. ನಾ ಹೊಸಾ ಉಮೇದಿ ಒಳಗ ಅವನ ಹೆಸರಿಗೇ ನೋಟಿಸ್ ಟೈಪ್ ಮಾಡಿ ಸಿಪಾಯಿ ಕೈಯಾಗ ಕಳಿಸಿದ್ನಿ. ಸಿಪಾಯಿ ಅದರ ಹಿಂದ ಚಂದಾಗಿ ಬರಕೊಂಡು ಬಂದ: ‘ಸದರಿಯವರು ಸದರಿ ಜಮೀನಿನಲ್ಲಿಯೇ ವಾಸವಾಗಿದ್ದಾರೆ. ಕೂಗಿದರೂ ಹೊರಗೆ ಬರಲಿಲ್ಲ.’ ನಾ ಅದನ್ನ ಓದದೇ ಫೈಲಿಗೆ ಹಚ್ಚಿದ್ನಿ. ಆರು ತಿಂಗಳ ಮ್ಯಾಲ ಸಾಹೇಬ್ರು ಓದಿದ್ರು. ಆಮ್ಯಾಲ ಏನಾತು ಅನ್ನೋದು ಬರಿಯೂ ಹಂಗಿಲ್ಲ.

ಕಾಗದ ಆದ ಮ್ಯಾಲ ಬೋರ್ಡು. ‘ಅನುಮತಿ ಇಲ್ಲದೆ ಒಳಗೆ ಪ್ರವೇಶವಿಲ್ಲ’ ಅಂತ ಕೆಂಪು ಬಣ್ಣದಾಗ ಬರಸಿದ್ನಿ, ಎಲ್ಲಾ ಸರ್ಕಾರಿ ಜಾಗಾಕ್ಕೂ ಬರಸೋದು ಅದೇ ಅಲ್ಲ ಅಂತ. ಒಂದು ವಾರ ಊರು ನಕ್ಕಿತು. ಬೋರ್ಡು ಆದ ಮ್ಯಾಲ ತಂತಿ ಬೇಲಿ, ಕಬ್ಬಿಣದ ಗೇಟು. ಗೇಟು ಬಂದ ಮ್ಯಾಲ ಕೀಲಿ ಬೇಕಲ್ಲ? ಒಂದು ದೊಡ್ಡ ಕೀಲಿ ತಂದು ಜಡಿದ್ನಿ. ಕೀಲಿಕೈ ನನ್ನ ಪ್ಯಾಂಟಿನ ಬಕಣದಾಗ. ಭಾಳ ದಿನ ಅದನ್ನ ಮುಟ್ಟಿ ಮುಟ್ಟಿ ನೋಡಕೋತಿದ್ನಿ, ಏನೋ ದೊಡ್ಡ ಸಾಹೇಬ ಆದಂಗ.

ಇಲ್ಲೇ ಗಂಗವ್ವ ಬರ್ತಾಳ. ಗಂಗವ್ವ, ಆಕಿ ಗಂಡ ಶಿವಪ್ಪ, ಇಬ್ಬರದೂ ಪಂಚಾಯ್ತಿ ಎದುರಿಗೇ ಮಿರ್ಚಿ ಭಜಿ ಬಂಡಿ. ಅಂವಾ ಮೆಣಸಿನಕಾಯಿ ಸೀಳಿ ಕೊಡಾಂವ, ಆಕಿ ಹಿಟ್ಟಿನ್ಯಾಗ ಅದ್ದಿ ಕರಿಯಾಕಿ. ನಾ ದಿನಾ ನಾಕು ಗಂಟೆಕ್ಕ ಅಲ್ಲಿ ಹಾಜರ್. ಮಸ್ಟರಿನ್ಯಾಗ ಸಹಿ ತಪ್ಪಿಸಿರಬಹುದು, ಅಲ್ಲಿ ತಪ್ಪಿಸಿಲ್ಲ. ನನ್ನ ಹೊಟ್ಟಿ ನೋಡಿದವರಿಗೆ ಬ್ಯಾರೆ ಸಾಕ್ಷಿ ಬೇಕಾಗೂದಿಲ್ಲ.

ಒಂದು ದಿನ ತಂಗಿ ಮಗಳ ಲಗ್ನದ ಸೀರಿ ತರೂ ಸಲುವಾಗಿ ವಿಜಯಪುರಕ್ಕ ಹೋಗಿದ್ನಿ. ಗಾಂಧಿ ಚೌಕದಾಗ ಅಂಗಡ್ಯಾಂವ ಇಪ್ಪತ್ತನೇ ಸೀರಿ ಬಿಚ್ಚಿ ತೋರಸಾಕತ್ತಿದ್ದ, ಫೋನ್ ಬಂತು. ‘ಸಾಹೇಬ್ರ, ಶಿವಪ್ಪ ಹೋದ. ಮಂದಿ ಎಲ್ಲಾ ಮಣ್ಣಿಗೆ ಬಂದು ಗೇಟಿನ ಮುಂದ ನಿಂತೇವ್ರಿ. ಕೀಲಿಕೈ ಎಲ್ಲೈತ್ರಿ?’ ನಾ ಬಕಣಾ ಮುಟ್ಟಿ ನೋಡಿಕೊಂಡ್ನಿ. ಕೀಲಿಕೈ ಅಲ್ಲೇ ಇತ್ತು. ಸೀರಿ ಅಲ್ಲೇ ಬಿಟ್ಟು ಆಟೋ ಹಿಡದು, ಬಸ್ ಹಿಡದು ಓಡಿದ್ನಿ. ನಾ ಮುಟ್ಟೂದ್ರೊಳಗ ಅವರು ಗೇಟು ಕಿತ್ತು ನೆಲಕ್ಕ ಹಾಸಿ, ಅದರ ಮ್ಯಾಲಿಂದ ಶಿವಪ್ಪನ್ನ ಹೊತಗೊಂಡು ಒಳಗ ಹೋಗಿದ್ರು. ನಾ ತಲಿ ಬಗ್ಗಿಸಿ ಗಂಗವ್ವನ ಮುಂದ ನಿಂತ್ನಿ. ಆಕಿ ಅಳುವಾಕಿ ಅಳು ನಿಲ್ಲಿಸಿ ನನ್ನ ನೋಡಿದ್ಲು.

‘ಹೋಗ್ಲಿ ಬಿಡೋ ತಮ್ಮಾ,’ ಅಂದ್ಲು. ‘ಬದುಕಿದ್ದಾಗೂ ಅಂವಾ ಎಲ್ಲಿಗೂ ಟೈಮಿಗೆ ಹೋದಾಂವಲ್ಲ.’

ಮೂರನೇ ದಿನ ಹಾಲು-ತುಪ್ಪ ಬಿಡಾಕ ಹೋದಾಗ ಗಂಗವ್ವ ತನ್ನ ಮನಿ ಬೀಸೂಕಲ್ಲಿನ ಎರಡೂ ಹೋಳು ಬಂಡಿ ಮ್ಯಾಲ ಹೇರಿಕೊಂಡು ಬಂದ್ಲು. ಗಿರಣಿ ಬರೂಕಿಂತ ಮೊದಲ ಇಬ್ಬರೂ ಎದುರಾಬದುರಾ ಕುಂತು ಕಡ್ಲಿಹಿಟ್ಟು ಬೀಸಿದ ಕಲ್ಲು ಅದು. ಕೆಳಗಿನ ಹೋಳು ಶಿವಪ್ಪನ ಮ್ಯಾಲ ಇಟ್ಲು. ಮ್ಯಾಗಿನ ಹೋಳು, ನಡುವ ತೂತು ಇರೋದು, ಅವನ ಬಗಲಾಗ ಖಾಲಿ ಜಾಗಾದ ಮ್ಯಾಲ ಇಟ್ಲು. ‘ಇದು ನಂದು ನೋಡೋ ದುರ್ಗಪ್ಪಾ, ನೆನಪಿರಲಿ,’ ಅಂದ್ಲು. ಕಾಕಾ ಹೂಂ ಅಂದ. ನಾನೂ ಅಲ್ಲೇ ನಿಂತಿದ್ನಿ, ಎರಡೂ ಕಣ್ಣಿಲೆ ನೋಡೀನಿ. ಮುಂದಿಂದು ಓದೂವಾಗ ಇದನ್ನ ನೆನಪಿಡ್ರಿ.

ಗ್ರಾಮ ಪಂಚಾಯ್ತಿ ಹೋಗಿ ಪಟ್ಟಣ ಪಂಚಾಯ್ತಿ ಆತು. ಹೊಸಾ ಮುಖ್ಯಾಧಿಕಾರಿ ಸಾಹೇಬ್ರು ಬಂದ್ರು. ಒಳ್ಳೇ ಮನಿಶ್ಯಾರ, ಆದ್ರ ಜಗತ್ತಿನ್ಯಾಗ ಎಲ್ಲಾದಕ್ಕೂ ಒಂದು ನಂಬರ್ ಇರಬೇಕು ಅನ್ನಾವ್ರು. ಆಫೀಸಿನ ನೀರಿನ ಮಗ್ಗಿಗೂ ನಂಬರ್ ಬರಸಿದ್ರು. ಸ್ಮಶಾನ ನೋಡಿ, ‘ಏನ್ರೀ ಈರಣ್ಣ, ಇದಕ್ಕ ಲೇಔಟ್ ಇಲ್ಲೇನು?’ ಅಂದ್ರು. ನಾ ಇಲ್ರಿ ಸರ್ ಅಂದ್ನಿ, ದೊಡ್ಡ ತಪ್ಪು ಮಾಡಿದವನ ಗತೆ.

ಇಂಜಿನಿಯರ್ ಬಂದು ನಕ್ಷಾ ಹಾಕಿದ್ರು. ಏಳೂವರೆ ಫೂಟ್ ಉದ್ದ, ನಾಕು ಫೂಟ್ ಅಗಲ, ಸಾಲಿಗೆ ಸಾಲು, ಒಂದೊಂದಕ್ಕ ಒಂದು ನಂಬರ್. ನಾ ಆ ನಕ್ಷಾ ದುರ್ಗಪ್ಪ ಕಾಕಾಗ ಡೌಲಿಲೆ ತೋರಿಸಿದ್ನಿ. ಅಂವಾ ಭಾಳ ಹೊತ್ತು ನೋಡಿದ.

‘ಇಷ್ಟುದ್ದ ಯಾಕ್ರಿ ಸಾಹೇಬ್ರ?’

‘ಮನುಷ್ಯಾ ಮಲಗಬೇಕಲ್ಲೋ ಕಾಕಾ.’

‘ಅಲ್ರಿ, ನಮ್ಮೂರ ಅರ್ಧ ಮಂದಿ ಕುಂತು ಹೋಗತಾರ್ರಿ.’

ಖರೇನ. ನಮ್ಮ ಕಡೆ ಲಿಂಗವಂತರು ತಮ್ಮವರನ್ನ ಕುಂದ್ರಿಸಿ ಮಣ್ಣು ಕೊಡತಾರ. ಅದಕ್ಕ ಉದ್ದ ಕುಣಿ ಬೇಡ, ಆಳ ಬೇಕು. ಗಂಗವ್ವನ ಮನಿಯವರೂ ಅವರೇ, ನಾನೂ ಅವರೇ. ನಮ್ಮಪ್ಪನ್ನ ಕುಂದ್ರಿಸಿ ಮಣ್ಣು ಕೊಟ್ಟಾಂವ ನಾನು, ಅದೇ ಬಯಲಾಗ, ಈ ಕೈಯಿಲೆ. ಆದ್ರೂ ನಕ್ಷಾ ನೋಡಿದ ಕೂಡ್ಲೆ ಎಲ್ಲಾರೂ ಮಲಗಿದವರೇ ಅಂತ ನಂಬಿದ್ನಿ. ಬುದ್ಧಿ ಅಡವಿಟ್ಟಂಗ ಆಗಿತ್ತು. ‘ಅದೆಲ್ಲಾ ನಕ್ಷಾದಾಗ ಬರೂದಿಲ್ಲ ಕಾಕಾ,’ ಅಂತ ಅವನ ಬಾಯಿ ಮುಚ್ಚಿಸಿದ್ನಿ.

ಮ್ಯಾಗಿನ ಸಾಹೇಬ್ರು ನೋಡಾಕ ಬರ್ತಾರ ಅಂತ ಸುದ್ದಿ ಬಂತು. ಎರಡು ದಿನದಾಗ ಸ್ವಚ್ಛ ಆಗಬೇಕು. ಜೆಸಿಬಿ ತರಸಿದ್ನಿ. ಬಯಲಾಗ ಬಿದ್ದ ಕಲ್ಲು, ಒಳ್ಳು, ಹೊಸ್ತಲದ ತುಂಡು, ಎಲ್ಲಾ ಬಳದು ಒಂದು ಗುಂಪಿ ಹಾಕಿಸಿದ್ನಿ. ಕಾಂಪೌಂಡ್ ಗ್ವಾಡಿ ಕಟ್ಟೂ ಗೌಂಡಿಗೆ ಕಲ್ಲು ಕಡಿಮಿ ಬಿದ್ದಿತ್ತು. ‘ತಗೋಳಪ್ಪಾ, ಇಲ್ಲೇ ಅದಾವ,’ ಅಂತ ಅವನ್ನೂ ಕೊಟ್ನಿ. ಊರ ಮಂದಿ ಇಟ್ಟ ಟವೆಲ್ ಅಷ್ಟೂ ಒಟ್ಟು ಮಾಡಿ ಗ್ವಾಡಿ ಕಟ್ಟಿಸಿದ ಶಾಣ್ಯಾ ನಾನು. ಸುಣ್ಣದ ಗೆರಿ, ನಂಬರಿನ ಕಲ್ಲು, ಸಾಲು ಸಾಲು. ಬಂದ ಸಾಹೇಬ್ರು ಫೋಟೋ ತಗಸಿಕೊಂಡ್ರು, ನನ್ನ ಬೆನ್ನು ಚಪ್ಪರಿಸಿದ್ರು. ಮನಿಗೆ ಹೋಗಿ ಮನಿಯಾಕಿಗೂ ಹೇಳಿದ್ನಿ.

ಆ ಹೊತ್ತಿನ್ಯಾಗ ಗಂಗವ್ವ ಮಗಳ ಬಾಣಂತನಕ್ಕ ಅಂತ ಕನಮಡಿಗೆ ಹೋಗಿದ್ಲು. ಶಿವಪ್ಪಗ ನೂರಾ ಹದಿನೇಳನೇ ನಂಬರ್ ಬಿದ್ದಿತ್ತು. ಈಚೆ ನೂರಾ ಹದಿನಾರು ಮೊದಲೇ ತುಂಬಿತ್ತು. ಆಚೆ ನೂರಾ ಹದಿನೆಂಟು ಕಾಗದದ ಮ್ಯಾಲ ಖಾಲಿ. ನಂಬರ್ ಹಚ್ಚಿದ ಮ್ಯಾಲ ಬಂದ ಮೊದಲನೇ ಹೆಣಕ್ಕ ನಾ ಹದಿನೆಂಟು ಅಂತ ಚೀಟಿ ಬರದ್ನಿ. ದುರ್ಗಪ್ಪ ಕಾಕಾ ಗುದ್ದಲಿ ಕೆಳಗಿಟ್ಟ.

‘ಸಾಹೇಬ್ರ, ಅದು ಗಂಗವ್ವಂದ್ರಿ.’

‘ಎಲ್ಲಿ ಬರದೈತಿ ತೋರಸು,’ ಅಂದ್ನಿ.

ಅಂವಾ ಏನು ತೋರಸತಾನ? ತೋರಸೂ ಕಲ್ಲು ನಾನೇ ಗ್ವಾಡ್ಯಾಗ ಹಾಕಿಸಿದ್ನಿ. ನೌಕರಿಗೆ ಹೊಸದಾಗಿ ಬಂದವರೇ, ನನ್ನ ಮೂವತ್ತೊಂದು ವರ್ಷದಾಗ ನನಗ ಅತಿ ನಾಚಿಗಿ ಆಗೂ ಮಾತು ಇದು ಒಂದೇ. ಈಗೂ ಊಟಕ್ಕ ಕುಂತಾಗ ಒಮ್ಮೊಮ್ಮೆ ನೆನಪಾಗತೈತಿ.

ಗಂಗವ್ವ ಊರಿಂದ ಬಂದ ಮರುದಿನ ಆಫೀಸಿಗೆ ಬಂದ್ಲು. ಕೈಯಾಗ ಹಿಟ್ಟು ಹಂಗೇ ಇತ್ತು.

‘ಲೇ ಈರಣ್ಣ, ನನ್ನ ಕಲ್ಲು ಎಲ್ಲೈತೋ?’

‘ಬೇ, ಕುಂದ್ರು ಮೊದಲ, ನೀರು ಕುಡಿ.’

‘ನೀರಿಗೆ ಬೆಂಕಿ ಹಚ್ಚು. ನನ್ನ ಜಾಗಾದಾಗ ಯಾರನೋ ತಂದು ಹಾಕೀದಿ. ನಲವತ್ತು ವರ್ಷ ಬಂಡಿ ಹಿಂದ ಅವನ ಬಗಲಾಗ ನಿಂತೇನಿ. ಅಲ್ಲಿ ಹೋಗಿ ಪರಕೀ ಮಂದಿ ನಡುವ ಯಾಕ ಕುಂದ್ರಲೋ ನಾ?’

‘ಬ್ಯಾರೆ ಚಲೋ ಜಾಗಾ ಕೊಡಸ್ತೇನಿ ಬೇ, ಬೇವಿನ ನೆಳ್ಳ ಐತಿ.’

‘ನೆಳ್ಳು ತಗೊಂಡು ಏನ್ ಮಾಡ್ಲಿ? ಭಜಿ ಕರೀಲ್ಯಾ?’

ಅವತ್ತು ನಾಕು ಗಂಟೆಕ್ಕ ಬಂಡಿ ಹತ್ರ ಹೋದ್ನಿ. ಬಾಣಲಿ ತುಂಬ ಭಜಿ ಇದ್ವು. ‘ಖಲಾಸ್ ಆಗ್ಯಾವ,’ ಅಂದ್ಲು. ಮರುದಿನವೂ ಖಲಾಸ್. ಊರಿಗೆಲ್ಲಾ ಸಿಗೂ ಭಜಿ ನನಗೊಬ್ಬಗ ಖಲಾಸ್. ಸಿಪಾಯಿನ್ನ ಕಳಿಸಿದ್ರ, ‘ಯಾರಿಗೆ ಇದು?’ ಅಂತ ಕೇಳಿ ತಿರುಗಿ ಇಸಗೋತಿದ್ಲು. ನಗಬ್ಯಾಡ್ರಿ. ಎಂಟು ತಿಂಗಳು ಹಿಂಗ ನಡೀತು. ಆದ್ರ ಭಜಿಗಿಂತ ಸೋಮವಾರ ಕಷ್ಟ ಇತ್ತು. ಪ್ರತಿ ಸೋಮವಾರ ಆಕಿ ಬಂದು ನನ್ನ ಟೇಬಲ್ ಮುಂದ ನಿಂತು ಒಂದೇ ಮಾತು ಕೇಳತಿದ್ಲು: ‘ನಾ ಎಲ್ಲಿ ಹೋಗ್ಲಿ?’ ಆಕಿಗೆ ಅದೊಂದೇ ಚಿಂತಿ ಹತ್ತಿತ್ತು. ಸೊರಗಿ ಕಡ್ಡಿ ಆಗಾಕತ್ತಿದ್ಲು.

ಹದಿನೆಂಟರಾಗ ಇದ್ದವರನ್ನ ಎಬ್ಬಸಾಕ ಬರೂದಿಲ್ಲ. ಅವರ ಮನಿ ಮಂದಿದು ಏನು ತಪ್ಪು? ಒಂದು ದಿನ ತಡಿಲಾರದೇ ದುರ್ಗಪ್ಪ ಕಾಕಾನ ಮನಿಗೆ ಹೋದ್ನಿ. ಅಂವಾ ನನ್ನ ಜೋಡಿ ಮಾತು ಬಿಟ್ಟಿದ್ದ. ಕಟ್ಟಿ ಮ್ಯಾಲ ಕುಂತು, ‘ತಪ್ಪಾತು ಕಾಕಾ, ಏನರ ದಾರಿ ಹೇಳು,’ ಅಂದ್ನಿ. ಅಂವಾ ಬೀಡಿ ಹಚ್ಚಿದ.

‘ನಿಮ್ಮ ನಕ್ಷಾದಾಗ ಹದಿನೇಳು ಎಷ್ಟುದ್ದ ಐತ್ರಿ?’

‘ಏಳೂವರೆ ಫೂಟ್.’

‘ಶಿವಪ್ಪ ಕುಂತಾನ್ರಿ. ಬೇವಿನ ಕಡೆ ತುದ್ಯಾಗ, ನಾನೇ ಕುಂದ್ರಿಸೇನಿ. ಉಳಿದರ್ಧದಾಗ ಏನಿಲ್ಲ, ಬರೀ ಮಣ್ಣು.’

ಮಲಗಿದವರ ಅಳತಿಲೆ ಹಾಕಿದ ನಕ್ಷಾ. ನಮ್ಮ ತಪ್ಪಿಗೇ ಆಕಿಗೆ ಜಾಗಾ ಉಳಿದಿತ್ತು.

ಮರುದಿನ ಮುಂಜಾನೆ ಗಂಗವ್ವನ್ನ ಕರಕೊಂಡು ಮೂರೂ ಮಂದಿ ಹೋದಿವಿ. ಕಾಕಾ ಹಗ್ಗ ಹಿಡದು ಅಳತಿ ಮಾಡಿ ತೋರಿಸಿದ. ಗಂಗವ್ವಗ ನಂಬಿಕಿ ಬರ್ಲಿಲ್ಲ. ನನ್ನ ಮಾತಿನ ಮ್ಯಾಲ ನಂಬಿಕಿ ಎಲ್ಲಿಂದ ಬರಬೇಕು?

‘ಏ ಈರಣ್ಣ, ನೀ ಕುಂದ್ರು ಅಲ್ಲಿ.’

‘ನಾನಾ? ಯಾಕ ಬೇ?’

‘ಹಿಡಸತೈತೋ ಇಲ್ಲೋ ನೋಡೂನು. ನಿನ್ನಂಥಾ ಡುಮ್ಮ ಹಿಡಿಸಿದ್ರ ನಾ ಹಿಡಸತೇನಿ.’

ಏನ್ ಮಾಡ್ಲಿ? ಚಪ್ಪಲಿ ಬಿಟ್ಟು, ಪ್ಯಾಂಟ್ ಎತಗೊಂಡು, ಚಕ್ಕಂಬಕ್ಕಳ ಹಾಕಿ ಶಿವಪ್ಪನ ಬಗಲಾಗ ಕುಂತ್ನಿ. ರಸ್ತಾದಾಗ ಹೋಗೂ ಮಂದಿ ನಿಂತು ನೋಡಾಕತ್ರು, ಕ್ಲರ್ಕ್ ಸಾಹೇಬ್ರಿಗೆ ಏನಾತು ಅಂತ. ಕಾಕಾ ನನ್ನ ಮೊಣಕಾಲಿನ ಆಚೀಚೆ ಗೇಣಿಲೆ ಅಳದ. ‘ಗೇಣು ಉಳಿತೈತಿ,’ ಅಂದ. ಎದ್ದೇಳಾಕ ಹೋದ್ರ ಆಗವಲ್ದು, ಇಬ್ಬರೂ ಕೈ ಹಿಡದು ಎಬ್ಬಿಸಿದ್ರು. ಆಮ್ಯಾಲ ಗಂಗವ್ವ ಸೆರಗು ಸರಿ ಮಾಡಿಕೊಂಡು ತಾನೇ ಹೋಗಿ ಅಲ್ಲಿ ಕುಂತ್ಲು. ಒಂದು ಕೈ ಶಿವಪ್ಪನ ಕಡೆ ಮಣ್ಣಿನ ಮ್ಯಾಲ ಇಟ್ಲು. ಬಿಸಲು ಏರಿತು, ನಾವಿಬ್ಬರೂ ಆ ಕಡೆ ಮಾರಿ ಮಾಡಿ ನಿಂತಿವಿ. ನನಗ ಕಣ್ಣೀರು ಬಂದಿದ್ವು, ಧೂಳಾ ಅಂತ ಹೇಳಿದ್ನಿ.

ತಿರುಗಿ ಬರೂವಾಗ ಗೇಟಿನ ಹತ್ರ ಆಕಿ ನಿಂತ್ಲು. ಗ್ವಾಡ್ಯಾಗ ಎದಿ ಎತ್ತರಕ್ಕ ಒಂದು ದುಂಡನ ಕಲ್ಲು, ನಡುವ ತೂತು, ತೂತಿನ್ಯಾಗ ಸಿಮೆಂಟ್. ‘ನಂದು,’ ಅಂದ್ಲು.

‘ಗ್ವಾಡಿ ಸರ್ಕಾರದ್ದು ಬೇ, ಈಗ ತೆಗಿಯಾಕ ಬರೂದಿಲ್ಲ.’

‘ಈಗ ಯಾರಿಗೆ ಬೇಕು? ನಾ ಹೋಗೂವಾಗ ತೆಗದು ಕೊಡು.’

ಮಾತು ಮುಗೀಲಿ ಅಂತ ಹೂಂ ಅಂದ್ನಿ.

ನಿಯಮಾವಳ್ಯಾಗ ‘ಒಂದು ಸಂಖ್ಯೆಗೆ ಒಬ್ಬರು ಮಾತ್ರ’ ಅಂತ ಇತ್ತು. ಬರದಾಂವ ಯಾರು? ನಾನೇ. ಅದಕ್ಕ ರಿಜಿಸ್ಟರಿನ ಷರಾ ಕಾಲಮಿನ್ಯಾಗ ಬರದ್ನಿ: ‘ಸಮಾಧಿ ನಂ. ೧೧೭. ಮೃತರು ಕುಳಿತಿದ್ದಾರೆ. ಪಕ್ಕದಲ್ಲಿ ಪತ್ನಿ ಗಂಗವ್ವ ಇವರಿಗೆ ಜಾಗ ಕಾಯ್ದಿರಿಸಿದೆ.’ ಸಾಹೇಬ್ರು ಫೋನಿನ್ಯಾಗ ಮಾತಾಡಾಕತ್ತಾಗ ಹತ್ತು ಫೈಲಿನ ನಡುವ ಅದನ್ನ ಇಟ್ಟು ಸಹಿ ಮಾಡಿಸಿಕೊಂಡ್ನಿ. ಇದು ಕಲಿಯೂ ಗುಣ ಅಲ್ಲ. ಅವತ್ತು ನಾಕು ಗಂಟೆಕ್ಕ ಬಂಡಿ ಮುಂದ ನಿಂತ್ರ, ಗಂಗವ್ವ ಎರಡು ಭಜಿ ಕೊಟ್ಲು. ಹುಡುಕಿ ಹುಡುಕಿ ಅತಿ ಖಾರದ ಮೆಣಸಿನಕಾಯಿ ಹಾಕಿದ್ಲು. ಕಣ್ಣಾಗ ಮೂಗಿನ್ಯಾಗ ನೀರು ಸುರಿಸಿಕೋತ ಎರಡೂ ತಿಂದ್ನಿ.

ನಾ ನಿವೃತ್ತಿ ಆದ್ನಿ. ನನ್ನ ಕುರ್ಚಿಗೆ ಶ್ರುತಿ ಅಂತ ಒಬ್ಬಾಕಿ ಹುಡುಗಿ ಬಂದ್ಲು, ಚುರುಕು. ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂತು. ಹೋದ ವರ್ಷ ಒಂದು ಮುಂಜಾನೆ ಆಕಿದೇ ಫೋನ್: ‘ಸರ್, ಭಜಿ ಗಂಗವ್ವ ಅಜ್ಜಿ ತೀರಿಕೊಂಡಾರ್ರಿ. ಮನಿಯವರು ನೂರಾ ಹದಿನೇಳು ಅಂತಾರ. ಕಂಪ್ಯೂಟರ್ ಎರಡನೇ ಹೆಸರು ತಗೋವಲ್ದು. ಹೊಸಾ ಸಾಹೇಬ್ರು ಬ್ಯಾರೆ ನಂಬರ್ ಕೊಡು ಅನ್ನಾಕತ್ತಾರ.’

ಚಪ್ಪಲಿ ಹಾಕ್ಕೊಂಡ್ನೋ ಇಲ್ಲೋ ನೆನಪಿಲ್ಲ. ಹಳೇ ರಿಜಿಸ್ಟರು ರೆಕಾರ್ಡ್ ರೂಮಿನ್ಯಾಗ ಬ್ಲೀಚಿಂಗ್ ಪೌಡರ್ ಚೀಲದ ಕೆಳಗ ಇತ್ತು. ಪುಟ ತಗದು ಹೊಸಾ ಸಾಹೇಬ್ರ ಮುಂದ ಇಟ್ನಿ. ಅವರು ಓದಿದ್ರು, ಹಿಂದಿನ ಸಾಹೇಬ್ರ ಸಹಿ ನೋಡಿದ್ರು, ನನ್ನ ಮಾರಿ ನೋಡಿದ್ರು. ‘ಕುಳಿತಿದ್ದಾರೆ ಅಂದ್ರ ಏನ್ರಿ ಇದು?’ ನಾ ಅವರ ಕೋಣಿ ನೆಲದ ಮ್ಯಾಲ ಚಕ್ಕಂಬಕ್ಕಳ ಹಾಕಿ ಕುಂತು ತೋರಿಸಿದ್ನಿ. ಶ್ರುತಿ ಬಾಯಿಗೆ ಕೈ ಅಡ್ಡ ಹಿಡಿದ್ಲು. ಸಾಹೇಬ್ರು, ‘ಏಳ್ರಿ ಏಳ್ರಿ,’ ಅಂತ ಕುರ್ಚಿ ಬಿಟ್ಟು ಬಂದ್ರು. ಶ್ರುತಿ ನನ್ನ ಷರಾದ ಕೆಳಗ ಪೆನ್ನಿಲೆ ಗಂಗವ್ವನ ಹೆಸರು ಬರದ್ಲು.

ಈಗ ಕುಣಿ ಜೆಸಿಬಿಲೆ ತೆಗಿತಾರ. ಇಲ್ಲಿ ತಂದ್ರ ಶಿವಪ್ಪಗ ತಾಗತೈತಿ ಅಂತ ದುರ್ಗಪ್ಪ ಕಾಕಾ ಕೈಯಿಲೆ ತೆಗದ. ಬೆನ್ನು ಬಾಗೈತಿ, ಆದ್ರೂ ಯಾರಿಗೂ ಗುದ್ದಲಿ ಕೊಡ್ಲಿಲ್ಲ. ಗಂಗವ್ವನ್ನ ಕುಂದ್ರಿಸಿದ್ರು, ಅಯ್ಯನೋರು ಮಾಡೂದು ಮಾಡಿದ್ರು, ವಿಭೂತಿ, ಪತ್ರಿ ಹಾಕಿದಿವಿ, ಮಣ್ಣು ಕೊಟ್ಟಿವಿ. ಮಂದಿ ಹೊಂಟ ಮ್ಯಾಲ ನಾ ಕಾಕಾನ ಕೈಯಾಗಿನ ಹಾರಿ ಇಸಗೊಂಡು ಗೇಟಿನ ಹತ್ರ ಹೋದ್ನಿ. ನಾನೇ ನಿಂತು ಕಟ್ಟಿಸಿದ ಗ್ವಾಡಿ. ಗಟ್ಟಿ ಕಟ್ಟಾಕ ಹೇಳಿದ್ನೋ ಏನೋ, ಒಂದು ತಾಸು ಹಿಡೀತು. ಅಂಗೈ ಸುಲದ್ವು. ಕಲ್ಲು ಹೊರಗ ಬಂತು, ಇಬ್ಬರೂ ಉಳ್ಳಿಸಿಕೋತ ಒಯ್ದು ಆಕಿ ಮ್ಯಾಲ ಇಟ್ಟಿವಿ.

ಎಂಟು ದಿನಕ್ಕ ಮನಿಗೆ ನೋಟಿಸ್ ಬಂತು. ಸಾರ್ವಜನಿಕ ಆಸ್ತಿಗೆ ಧಕ್ಕೆ ಮಾಡಿದ್ದಕ್ಕ ಕಾರಣ ತಿಳಿಸಬೇಕಂತ. ನಮೂನೆ ನಾ ಇದ್ದಾಗ ತಯಾರು ಮಾಡಿದ್ದೇ, ಒಂದಕ್ಷರ ಬದಲಾಗಿಲ್ಲ. ಕೆಳಗ ಸಾಹೇಬ್ರ ಸಹಿ. ಮೂಲ್ಯಾಗ ಪೆನ್ಸಿಲ್ಲಿಲೆ ಸಣ್ಣಗ ‘ಸರ್, ಸಾರಿ’ ಅಂತ ಶ್ರುತಿ ಬರದಿದ್ಲು. ನಾ ಕುಂತು ಉತ್ತರ ಬರದ್ನಿ. ಇಡೀ ನೌಕರ್ಯಾಗ ಸಾವಿರಾರು ಪತ್ರ ಬರದೀನಿ, ಎರಡನೇ ಸಲ ಓದಬೇಕು ಅನ್ನಿಸಿದ್ದು ಇದೊಂದೇ:

‘ಮಾನ್ಯರೇ, ಸದರಿ ಕಲ್ಲು ಪಂಚಾಯತಿಗೆ ಸೇರಿದ್ದಲ್ಲ. ಅದು ಸಮಾಧಿ ನಂ. ೧೧೭ರಲ್ಲಿ ಪತಿಯ ಪಕ್ಕ ಕುಳಿತಿರುವ ಗಂಗವ್ವ ಇವರದು. ಅವರು ಊರಲ್ಲಿ ಇಲ್ಲದಾಗ, ಅವರನ್ನು ಕೇಳದೆ ತೆಗೆದುಕೊಂಡವನು ನಾನು. ಈಗ ಅದನ್ನು ಅವರಿಗೆ ಮರಳಿಸಿದ್ದೇನೆ. ಇಂತಿ, ಈರಣ್ಣ, ನಿವೃತ್ತ ಕ್ಲರ್ಕ್.’